ಉಂಡ ನೆಲ, ಹೆತ್ತವರ ನೆಲ

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಲೋಕದ ಮಾತು. ಹೆತ್ತವರನ್ನು ಮರೆಯಬಾರದೆಂಬುದೂ ಅದೇ ಲೋಕದ ಮಾತೇ. ಹುಟ್ಟಿದ ಊರಿನಲ್ಲಿಯೇ ಬೆಳೆದು, ಅಲ್ಲಿಯೇ ದುಡಿದು, ಅಲ್ಲಿಯೇ ಮಣ್ಣಾಗುವವನಿಗೆ ಈ ಎರಡು ಧರ್ಮಗಳ ನಡುವೆ ವಿರೋಧವೇನೂ ಕಾಣುವುದಿಲ್ಲ. ಆದರೆ ಹೊಟ್ಟೆಪಾಡಿಗಾಗಿ ಕಡಲು ದಾಟಿ ಪರದೇಶದಲ್ಲಿ ಬೇರೂರಿದವನ ಸಂತತಿಯನ್ನು ಇವೆರಡೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಅಂಥವರ ಋಣ ಯಾರಿಗೆ ಸಲ್ಲತಕ್ಕದ್ದು? ಅದು ಎಷ್ಟು ತಲೆಮಾರುಗಳವರೆಗೆ ಉಳಿಯುತ್ತದೆ? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೊರಡುವುದಕ್ಕಿಂತ, ಅದನ್ನು ಬಾಳಿ ನೋಡಿದ ಒಂದು ಜನರ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಲೇಸು. ದಕ್ಷಿಣ ಅಮೆರಿಕದ ಅರ್ಜೆಂಟೀನದಲ್ಲಿ ನೆಲೆಸಿದ ಇಟಲಿಯವರು ಅಂಥ ಜನ.

ಅರ್ಜೆಂಟೀನದ 1853ರ ರಾಜ್ಯಾಂಗವು ತನ್ನ ಪೀಠಿಕೆಯಲ್ಲಿಯೇ, ಆ ನೆಲದಲ್ಲಿ ವಾಸಿಸಬಯಸುವ ಜಗತ್ತಿನ ಸಕಲ ಜನರಿಗೂ ಸ್ವಾತಂತ್ರ್ಯದ ಫಲಗಳನ್ನು ವಾಗ್ದಾನಮಾಡಿತು. ಬಯಲು ವಿಸ್ತಾರವಾಗಿತ್ತು, ಉಳುವ ಕೈಗಳು ಕಡಮೆಯಾಗಿದ್ದುವು. ಆ ರಾಜ್ಯಾಂಗಕ್ಕೆ ಪ್ರೇರಕನಾದ ಆಲ್ಬೆರ್ದಿಯ ಮನಸ್ಸಿನಲ್ಲಿದ್ದವರು ಉತ್ತರ ಯೂರೋಪಿನವರು, ಅದರಲ್ಲಿಯೂ ಆಂಗ್ಲರು. ಎಲ್ಲರಿಗಿಂತ ಹೆಚ್ಚಾಗಿ ಬಂದವರು ಇಟಲಿಯವರು. ಆಹ್ವಾನ ಒಬ್ಬರಿಗೆ, ಎಲೆಯ ಮುಂದೆ ಕುಳಿತವರು ಇನ್ನೊಬ್ಬರು ಎಂಬಂತಾಯಿತು. ಲಿಗುರಿಯ, ಪೀಡ್ಮಾಂಟ್ ಮೊದಲಾದ ಉತ್ತರದ ಸೀಮೆಗಳಿಂದ ಮೊದಲು, ಕಲಾಬ್ರಿಯ, ಸಿಸಿಲಿಗಳಿಂದ ಅನಂತರ, ತೆರಿಗೆಯ ಭಾರವನ್ನೂ ತುಂಡುತುಂಡಾದ ಹೊಲಗಳನ್ನೂ ಹಿಂದಿಕ್ಕಿ ಲಕ್ಷಗಟ್ಟಲೆ ಜನ ಹಡಗು ಹತ್ತಿದರು. ಇಟಲಿಯ ಸುಗ್ಗಿಯನ್ನು ಮುಗಿಸಿ, ಋತು ತಲೆಕೆಳಗಾದ ಅರ್ಜೆಂಟೀನದ ಸುಗ್ಗಿಗೆ ಬಂದು, ಮತ್ತೆ ಊರಿಗೆ ಮರಳುತ್ತಿದ್ದ ಕೂಲಿಯವರಿಗೆ ಅಲ್ಲಿನವರು ವಲಸೆಹಕ್ಕಿಯ ಹೆಸರನ್ನೇ ಇಟ್ಟಿದ್ದರು. 1914ರ ಜನಗಣತಿಯ ವೇಳೆಗೆ ದೇಶದ ನಿವಾಸಿಗಳಲ್ಲಿ ಹತ್ತಕ್ಕೆ ಮೂವರು ಪರದೇಶದಲ್ಲಿ ಹುಟ್ಟಿದವರಾಗಿದ್ದರು. ಅವರಲ್ಲಿ ಇಟಲಿಯವರೇ 9 ಲಕ್ಷಕ್ಕೆ ಮೇಲ್ಪಟ್ಟಿದ್ದರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಇಟಲಿ ಎಂಬ ರಾಜ್ಯವು ಒಂದುಗೂಡಿದ್ದೇ 1861ರಲ್ಲಿ. ಹಡಗು ಹತ್ತಿದ ರೈತನು ತನ್ನನ್ನು ಇಟಲಿಯವನೆಂದು ತಿಳಿದುಕೊಂಡಿರಲಿಲ್ಲ. ಅವನು ಇಂಥ ಹಳ್ಳಿಯವನು, ಇಂಥ ಚರ್ಚಿನ ಗಂಟೆ ಕೇಳುವಷ್ಟು ದೂರದವನು. ಜಿನೋವದವನ ನುಡಿ ಕಲಾಬ್ರಿಯದವನಿಗೆ ತಿಳಿಯದು. ಬ್ಯೂನಸ್ ಐರಿಸ್ ಪಟ್ಟಣವೋ ಇವರೆಲ್ಲರನ್ನೂ 'ತಾನೊ' ಎಂಬ ಒಂದೇ ಅಡ್ಡಹೆಸರಿನಿಂದ ಕರೆಯಿತು; ನೇಪಲ್ಸಿನವನೆಂಬರ್ಥದ 'ನಪೊಲಿತಾನೊ' ಶಬ್ದದ ಬಾಲ ಅದು. ಇಟಲಿಯವರೆಲ್ಲರ ಪರಸ್ಪರ ಸಹಾಯಕ್ಕಾಗಿ 'ಊನಿಯೋನೆ ಎ ಬೆನೆವೊಲೆಂತ್ಸ' ಎಂಬ ಸಂಘವು ಆ ಪಟ್ಟಣದಲ್ಲಿ ಹುಟ್ಟಿದ್ದು 1858ರಲ್ಲಿ, ಎಂದರೆ ಇಟಲಿಯ ರಾಜ್ಯಕ್ಕಿಂತ ಮೂರು ವರ್ಷ ಮೊದಲು. ಹೀಗಿರಲು, ರಕ್ತದ ಋಣವೆಂದು ಹೇಳುವಾಗ ಯಾವ ಇಟಲಿಗೆ ಸಲ್ಲುವ ಋಣವೆಂದು ಕೇಳಬೇಕಾಗುತ್ತದೆ. ಹಳ್ಳಿಯ ನೆನಪು ನಿಜವಾದದ್ದು; ರಾಜ್ಯವು ಆ ನೆನಪಿನ ಮೇಲೆ ಆಮೇಲೆ ಬರೆದ ಪತ್ರ.

ಕರೆದ ದೇಶವಾದರೂ ನಿಶ್ಚಿಂತೆಯಿಂದಿರಲಿಲ್ಲ. ಅಧ್ಯಕ್ಷನಾಗಿದ್ದ ಸಾರ್ಮಿಯೆಂತೊ 1880ರ ದಶಕದಲ್ಲಿ, ಇಟಲಿಯವರ ಶಾಲೆಗಳು ಅರ್ಜೆಂಟೀನದಲ್ಲಿ ಹುಟ್ಟಿದ ಮಕ್ಕಳನ್ನು ಇಟಲಿಯವರನ್ನಾಗಿ ಮಾಡುತ್ತಿವೆಯೆಂದು ಕಟುವಾಗಿ ಆಕ್ಷೇಪಿಸಿದನು. 1884ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವು ಕಡ್ಡಾಯವೂ ಉಚಿತವೂ ಆಯಿತು. 1908ರಿಂದ ಶಾಲೆಗಳಲ್ಲಿ ಧ್ವಜವಂದನೆ, ರಾಷ್ಟ್ರೋತ್ಸವ, ಪ್ರತಿಜ್ಞೆಗಳಿಗೆ ವಿಶೇಷ ಪ್ರಾಶಸ್ತ್ಯ ದೊರೆಯಿತು. ಅದೇ ಕಾಲದಲ್ಲಿ ನಾಟಕಶಾಲೆಗಳು 'ಕೊಕೊಲಿಚೆ' ಎಂದು ಹೆಸರಾದ, ಇಟಲಿಯ ನುಡಿ ಬೆರೆತ ಹರಕು ಸ್ಪ್ಯಾನಿಷನ್ನು ಆಡಿಸಿ ಜನರನ್ನು ನಗಿಸುತ್ತಿದ್ದುವು. ದೇಶದ ಭಾಷೆಯನ್ನು ಮಗು ಕಲಿಯಲೆಂದು ದೇಶವು ಕೇಳುವುದು ನ್ಯಾಯವೇ. ಆದರೆ ಶಾಲೆಯಿಂದ ಮನೆಗೆ ಬಂದ ಮಗು ತಂದೆಯ ಮಾತಿಗೆ ನಾಚಿ ತಲೆತಗ್ಗಿಸಿದರೆ, ಆ ನಾಚಿಕೆಯನ್ನು ಕಲಿಸಿದವರು ಅನ್ನ ಕೊಟ್ಟ ಕೈಯಿಂದಲೇ ಬೇರೊಂದನ್ನು ಕಸಿದುಕೊಂಡಂತೆ.

ಆ ಮಗುವಿನ ಮೇಲೆ ಎರಡು ಶಾಸನಗಳ ಮುದ್ರೆ ಬಿದ್ದಿತ್ತು. ಅರ್ಜೆಂಟೀನದ 1869ರ ಶಾಸನವು ತನ್ನ ನೆಲದಲ್ಲಿ ಹುಟ್ಟಿದವರೆಲ್ಲ ತನ್ನವರೆಂದಿತು. ಇಟಲಿಯ 1912ರ ಶಾಸನವು ತನ್ನ ಪೌರನ ಮಗನು ಎಲ್ಲಿ ಹುಟ್ಟಿದರೂ ತನ್ನವನೆಂದಿತು. 1915ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ಯೂನಸ್ ಐರಿಸಿನಿಂದ ಸಾವಿರಾರು ಮಂದಿ ಕರೆಗೆ ಓಗೊಟ್ಟು ಹಡಗು ಹತ್ತಿದರು. ಅವರಿಗಿಂತ ಎಷ್ಟೋ ಹೆಚ್ಚು ಮಂದಿ ಹತ್ತಲಿಲ್ಲ. ಹೋದವರು ಧರ್ಮಿಷ್ಠರು, ಉಳಿದವರು ಕೃತಘ್ನರು ಎಂದು ಯಾರು ತೀರ್ಮಾನಿಸಬಲ್ಲರು? ಉಳಿದವನ ಹೆಂಡತಿಮಕ್ಕಳು ಉಣ್ಣುತ್ತಿದ್ದುದು ಆ ಬಯಲಿನ ಗೋಧಿಯನ್ನು.

ಪಿತೃಋಣದ ವಿಷಯದಲ್ಲಿ ನಮ್ಮ ಹಿರಿಯರು ಹೇಳಿರುವ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಋಷಿಋಣವು ಅಧ್ಯಯನದಿಂದ ತೀರುತ್ತದೆ, ದೇವಋಣವು ಯಜ್ಞದಿಂದ ತೀರುತ್ತದೆ. ಪಿತೃಋಣವು ತೀರುವುದು ಸಂತಾನದಿಂದ. ಎಂದರೆ ಪಡೆದದ್ದನ್ನು ಪಡೆದವರಿಗೇ ಹಿಂದಿರುಗಿಸಿದರೆ ಆ ಸಾಲ ಸಲ್ಲುವುದಿಲ್ಲ. ಮುಂದೆ ಬರುವವರ ಕೈಯಲ್ಲಿಡಬೇಕು. ಪರದೇಶದಲ್ಲಿ ಆಶ್ರಯ ಪಡೆದವನ ಋಣಕ್ಕೂ ಇದೇ ನ್ಯಾಯ ಒಪ್ಪುವಂತೆ ತೋರುತ್ತದೆ. ಅವನಿಗೆ ಬಾಗಿಲು ತೆರೆದವರು ಕಾಲವಾಗಿ ಹೋಗಿರುತ್ತಾರೆ. ಆ ಬಾಗಿಲಿಗೆ ಇನ್ನೊಬ್ಬ ಬಂದು ನಿಂತಾಗ ಮೊಮ್ಮಗನು ಏನು ಮಾಡುತ್ತಾನೆಂಬುದರಲ್ಲಿ ಋಣದ ಪರೀಕ್ಷೆ ನಡೆಯುತ್ತದೆ.

2001ರ ಕೊನೆಯಲ್ಲಿ ಅರ್ಜೆಂಟೀನದ ಹಣಕಾಸು ಕುಸಿದು, ಜನರು ಬ್ಯಾಂಕುಗಳಲ್ಲಿಟ್ಟ ಹಣ ಅವರಿಗೇ ದೊರೆಯದಂತಾದಾಗ, ಇಟಲಿಯ ಕಾನ್ಸಲ್ ಕಚೇರಿಗಳ ಮುಂದೆ ಸಾಲುಗಳು ಬೆಳೆದುವು. ಮುತ್ತಜ್ಜನ ಜನ್ಮಪತ್ರವನ್ನು ಹುಡುಕಿ ತೆಗೆದು, ಇಟಲಿಯ ಭಾಷೆಯ ಒಂದು ಮಾತನ್ನೂ ಅರಿಯದ ತರುಣರು ಆ ದೇಶದ ಪೌರತ್ವವನ್ನು ಬೇಡಿದರು. ಇದು ಉಂಡ ಮನೆಗೆ ಬಗೆದ ದ್ರೋಹವೆಂದು ಕೆಲವರಿಗೆ ತೋರಬಹುದು. ಆದರೆ ಮುತ್ತಜ್ಜನು ಜಿನೋವದ ರೇವಿನಲ್ಲಿ ಮಾಡಿದ್ದೂ ಅದನ್ನೇ. ಅವನನ್ನು ಸಾಹಸಿಯೆಂದು ಕೊಂಡಾಡಿ, ಮರಿಮಗನನ್ನು ಪಲಾಯನ ಮಾಡಿದವನೆಂದು ಜರೆಯುವುದು ಸಲ್ಲದು. ಹಸಿವು ಯಾವ ತಲೆಮಾರಿನಲ್ಲಿಯೂ ಹಸಿವೇ.

ಆಕ್ಷೇಪಿಸತಕ್ಕ ವಿಷಯ ಬೇರೆಯಿದೆ. ಇಟಲಿಯ 1992ರ ಶಾಸನದಂತೆ, ಆ ದೇಶದಲ್ಲಿಯೇ ಹುಟ್ಟಿದ ವಿದೇಶೀಯರ ಮಗು, ತಂದೆತಾಯಿಗಳು ಅಷ್ಟರಲ್ಲಿ ಪೌರರಾಗದಿದ್ದರೆ, ಎಡೆಬಿಡದೆ ಅಲ್ಲಿಯೇ ವಾಸಿಸಿ 18 ವರ್ಷ ತುಂಬುವವರೆಗೆ ಕಾದಿರಬೇಕು. ಪೋ ನದಿಯ ಬಯಲಿನ ಕೊಟ್ಟಿಗೆಗಳಲ್ಲಿ, ಇಟಲಿಯ ಪ್ರಸಿದ್ಧವಾದ ಗಿಣ್ಣುಗಳಿಗೆ ಬೇಕಾದ ಹಾಲನ್ನು ಕರೆಯುವವರಲ್ಲಿ ಪಂಜಾಬಿನಿಂದ ಹೋದವರು ಅನೇಕರಿದ್ದಾರೆ. ಅವರ ಮಗಳು ಕ್ರೆಮೋನದ ಶಾಲೆಯಲ್ಲಿ ಓದಿ ಇಟಲಿಯ ಭಾಷೆಯಲ್ಲಿ ಕನಸು ಕಂಡರೂ ವಿದೇಶೀಯಳು. ರೊಸಾರಿಯೊದಲ್ಲಿ ಹುಟ್ಟಿ ಆ ನೆಲವನ್ನು ಕಣ್ಣಿನಿಂದಲೂ ಕಾಣದ ಮರಿಮಗ ಸ್ವದೇಶೀಯ. 2024ರ ಡಿಸೆಂಬರಿನಲ್ಲಿ, ಇಟಲಿಯ ಸಂತತಿಯವನಾದ ಅರ್ಜೆಂಟೀನದ ಅಧ್ಯಕ್ಷ ಹಾವಿಯೆರ್ ಮಿಲೇಯಿಗೆ ಆ ದೇಶದ ಪೌರತ್ವ ದೊರೆತಾಗ ಅಲ್ಲಿಯೇ ಹಲವರು ಈ ಅಸಮತೆಯನ್ನು ಎತ್ತಿ ಆಡಿದರು. 2025ರ ಮಾರ್ಚಿನಲ್ಲಿ ಇಟಲಿಯ ಸರ್ಕಾರವು ಪರದೇಶದಲ್ಲಿ ಹುಟ್ಟಿದವರ ರಕ್ತದ ಹಕ್ಕನ್ನು, ಕೆಲವು ನಿಬಂಧನೆಗಳೊಡನೆ, ತಂದೆತಾಯಿ, ಅಜ್ಜ ಅಜ್ಜಿಯರ ಮಟ್ಟಕ್ಕೆ ಮೊಟಕುಗೊಳಿಸಿತು. ಅತ್ತ ಕದ ಮುಚ್ಚಿತು, ಇತ್ತ ತೆರೆಯಲಿಲ್ಲ. ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು 10 ವರ್ಷದಿಂದ 5ಕ್ಕೆ ಇಳಿಸಬೇಕೆಂದು ಅದೇ ವರ್ಷ ಜೂನಿನಲ್ಲಿ ನಡೆದ ಜನಮತವು, ಮತ ಹಾಕಿದವರ ಸಂಖ್ಯೆ ಸಾಲದೆ ವಿಫಲವಾಯಿತು. 1876ರಿಂದ ನೂರು ವರ್ಷಗಳಲ್ಲಿ ಸುಮಾರು ಎರಡೂವರೆ ಕೋಟಿ ಜನರನ್ನು ಪರರ ಬಾಗಿಲಿಗೆ ಕಳುಹಿಸಿದ ದೇಶವಿದು. ಋಣದ ಲೆಕ್ಕವನ್ನು ಅದು ಹಿಂದಿನ ಪುಟಗಳಲ್ಲಿಯೇ ಹುಡುಕುತ್ತಿದೆ. ಅರ್ಜೆಂಟೀನವೂ ಈ ದೋಷದಿಂದ ಮುಕ್ತವಲ್ಲ. ಬೊಲಿವಿಯ, ಪರಾಗ್ವೆಗಳಿಂದ ಬಂದ ಕೂಲಿಯವರು ಅಲ್ಲಿ ಕೇಳಬೇಕಾದ ಮಾತುಗಳು, ಹಿಂದೆ 'ತಾನೊ' ಕೇಳಿದ ಮಾತುಗಳಿಗಿಂತ ಮೃದುವಾಗಿಲ್ಲ.

ಪೀಡ್ಮಾಂಟಿನ ಒಂದು ಕುಟುಂಬವು 1927ರಲ್ಲಿ 'ಪ್ರಿನ್ಸಿಪೆಸ್ಸ ಮಫಾಲ್ದ' ಎಂಬ ಹಡಗಿನಲ್ಲಿ ಹೊರಡಬೇಕಾಗಿತ್ತು. ಆಸ್ತಿಯನ್ನು ಹೊತ್ತಿಗೆ ಸರಿಯಾಗಿ ಮಾರಲಾಗದೆ ಹಿಂದುಳಿಯಿತು. ಹಡಗು ಬ್ರೆಜಿಲಿನ ಕರಾವಳಿಯ ಬಳಿ ಮುಳುಗಿ 300ಕ್ಕೆ ಮೇಲ್ಪಟ್ಟು ಜನ ಸತ್ತರು. ಕುಟುಂಬವು 1929ರಲ್ಲಿ ಬೇರೊಂದು ಹಡಗಿನಲ್ಲಿ ಬ್ಯೂನಸ್ ಐರಿಸ್ ತಲಪಿತು. ಅಲ್ಲಿ 1936ರಲ್ಲಿ ಹುಟ್ಟಿದ ಮೊಮ್ಮಗನು, ತಂದೆಯು ಹಳೆಯ ಊರಿನ ಹಂಬಲವನ್ನು ತೋರಗೊಡದಿದ್ದರೂ, ಅಜ್ಜ ಅಜ್ಜಿಯರಿಂದ ಪೀಡ್ಮಾಂಟಿನ ನುಡಿಯನ್ನು ಕಲಿತನು. ಅವನೇ ಹೋರ್ಹೆ ಬೆರ್ಗೊಗ್ಲಿಯೊ; 2013ರಲ್ಲಿ ಪೋಪ್ ಫ್ರಾನ್ಸಿಸ್ ಆಗಿ, ಹಿರಿಯರು ಬಿಟ್ಟುಬಂದ ನಾಡಿಗೇ ಮರಳಿ ನೆಲೆಸಿದರು. ಅದೇ ವರ್ಷ ಜುಲೈ ತಿಂಗಳಲ್ಲಿ ಅವರು ರೋಮಿನಿಂದ ಹೊರಗೆ ಕೈಕೊಂಡ ಮೊದಲನೆಯ ಪ್ರಯಾಣವು ಹಿರಿಯರ ಊರಾದ ಪೋರ್ತಕೊಮಾರೊಗೂ ಅಲ್ಲ, ಹುಟ್ಟೂರಾದ ಬ್ಯೂನಸ್ ಐರಿಸಿಗೂ ಅಲ್ಲ. ಆಫ್ರಿಕದಿಂದ ದೋಣಿಗಳಲ್ಲಿ ಬರುವವರು ಮುಳುಗಿ ಸಾಯುತ್ತಿದ್ದ ಲಂಪೆದೂಸ ದ್ವೀಪಕ್ಕೆ ಹೋಗಿ, ಹೆಸರರಿಯದ ಆ ಸತ್ತವರಿಗಾಗಿ ಕಡಲಿನಲ್ಲಿ ಒಂದು ಹೂವಿನ ಹಾರವನ್ನು ಬಿಟ್ಟರು.