ತೀರ್ಪಿನಿಂದ ಹರಾಮ್ ಹಲಾಲಾಗದು

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮ್ಮ ನಾಡಿನಲ್ಲಿ ಪ್ರಚಲಿತವಿದೆ. ಅದರ ಅರ್ಥ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಕೊಟ್ಟ ಸರಕಿನ ಹಣ ಬರಲಿಲ್ಲವೆಂದು ಒಬ್ಬ ಸಣ್ಣ ವ್ಯಾಪಾರಿ ದಾವೆ ಹೂಡುತ್ತಾನೆನ್ನಿ. ನ್ಯಾಯಾಲಯದ ಶುಲ್ಕ ಮತ್ತು ವಕೀಲರ ಫೀಸು ತೆರಬೇಕು. ಪ್ರತಿ ವಾಯಿದೆಗೂ ಅಂಗಡಿಗೆ ಬೀಗ ಹಾಕಬೇಕು. ತೀರ್ಪು ಬಂದರೆ ಎದುರಾಳಿಯ ಮೇಲ್ಮನವಿ. ಡಿಕ್ರಿ ಕೈಸೇರಿದರೂ ಹಣ ಕೈಸೇರಲು ಮತ್ತೊಂದು ಅಮಲ್ಜಾರಿ ಅರ್ಜಿ! ಅಷ್ಟರಲ್ಲಿ ಬಂಡವಾಳ ಕರಗಿ, ಅವನೇ ಇತರರಿಗೆ ಸಾಲಗಾರನಾಗಿರುತ್ತಾನೆ.

ಈ ವಿಳಂಬದಿಂದ ಲಾಭ ಯಾರಿಗೆ? ಕೊಡಬೇಕಾದವನಿಗೆ. “ಬೇಕಿದ್ದರೆ ಕೋರ್ಟಿಗೆ ಹೋಗು” ಎಂದು ಧೈರ್ಯದಿಂದ ಹೇಳುವವನಿಗೆ ತಾನು ಸಾಲಗಾರನೆಂಬುದು ಗೊತ್ತಿಲ್ಲದೆ ಇಲ್ಲ. ಕೊಡುವ ಸಾಮರ್ಥ್ಯವೂ ಇದೆ. ಕಾನೂನಿನ ದೃಷ್ಟಿಯಲ್ಲಿ ಅವನು ತನ್ನ ಹಕ್ಕನ್ನಷ್ಟೇ ಬಳಸುತ್ತಿದ್ದಾನೆ. ಆದರೆ ಅಲ್ಲಾಹನ ಮುಂದೆ?

ತಿಳಿದೂ ತಿಳಿದು ಪರರ ಸೊತ್ತನ್ನು ಕಬಳಿಸುವುದನ್ನು, ಅದಕ್ಕಾಗಿ ಅಧಿಕಾರಸ್ಥರ ಮೊರೆ ಹೋಗುವುದನ್ನು ಪವಿತ್ರ ಕುರ್‌ಆನ್ (ಅಲ್ ಬಕರಃ: 188) ನಿಷೇಧಿಸಿದೆ. ಸಾಮರ್ಥ್ಯವಿದ್ದೂ ಸಾಲ ಮುಂದೂಡುವುದು ಅಕ್ರಮವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ವಾದದ ಚಾತುರ್ಯದಿಂದ ಇನ್ನೊಬ್ಬನ ಹಕ್ಕನ್ನು ಗೆದ್ದುಕೊಂಡವನಿಗೆ ದೊರೆತದ್ದು ನರಕದ ತುಂಡೆಂದೂ ಅವರು ಎಚ್ಚರಿಸಿದ್ದಾರೆ. ಪ್ರವಾದಿಯವರ(ಸ) ತೀರ್ಪೇ ಅದನ್ನು ಹಲಾಲಾಗಿಸದು ಎಂದಾದರೆ, ನಮ್ಮ ಕಾಲದ ತೀರ್ಪುಗಳ ಬಗ್ಗೆ ಹೇಳುವುದೇನಿದೆ?

ಹಾಗೆಂದು ದಾವೆ ಹೂಡುವುದೇ ತಪ್ಪೆಂದಲ್ಲ. ಅನ್ಯಾಯಕ್ಕೊಳಗಾದವನು ಮೌನವಾಗಿರಬೇಕೆಂದು ಇಸ್ಲಾಮ್ ಹೇಳುವುದಿಲ್ಲ. ಆದರೆ ವ್ಯಾಜ್ಯ ಹುಟ್ಟದಂತೆ ಅದು ಮೊದಲೇ ದಾರಿ ತೋರಿಸಿದೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ (ಅಲ್ ಬಕರಃ: 282) ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ನಿಲ್ಲಿಸುವ ಕುರಿತಾದುದು. ನಾವಾದರೋ “ನಮ್ಮವನಲ್ಲವೇ, ಬರೆದರೆ ಬೇಸರಪಟ್ಟಾನು” ಎಂದು ಬಿಡುತ್ತೇವೆ. ಮುಂದೆ ಅದೇ ‘ನಮ್ಮವನ’ ಎದುರು ಕಟಕಟೆ ಹತ್ತುತ್ತೇವೆ. ಸಾಲಗಾರ ನಿಜವಾಗಿಯೂ ಸಂಕಷ್ಟದಲ್ಲಿದ್ದರೆ ಅವಕಾಶ ನೀಡಬೇಕೆಂಬ ಆದೇಶವೂ ಅದೇ ಅಧ್ಯಾಯದಲ್ಲಿದೆ (280).

ವಿವಾದ ಹುಟ್ಟಿದ ಮೇಲೆ ಸಂಧಾನವೇ ಲೇಸು. ಹ. ಕಅಬ್ ಬಿನ್ ಮಾಲಿಕ್(ರ) ಮಸೀದಿಯಲ್ಲಿ ಒಬ್ಬರಿಂದ ತಮ್ಮ ಸಾಲವನ್ನು ಕೇಳಿದಾಗ ಇಬ್ಬರ ಧ್ವನಿಯೂ ಏರಿತು. ಪ್ರವಾದಿವರ್ಯರು(ಸ) ಮನೆಯ ಪರದೆ ಸರಿಸಿ, ಅರ್ಧ ಬಿಟ್ಟುಕೊಡುವಂತೆ ಕಅಬ್‌ರಿಗೆ(ರ) ಕೈಸನ್ನೆ ಮಾಡಿದರು. ಅವರು ಒಪ್ಪಿದೊಡನೆ, ಎದ್ದು ಉಳಿದದ್ದನ್ನು ಸಲ್ಲಿಸುವಂತೆ ಸಾಲಗಾರರಿಗೆ ಆದೇಶಿಸಿದರು. ನಮ್ಮ ಪಂಚಾಯಿತಿಗಳು ಮೊದಲ ಭಾಗವನ್ನಷ್ಟೇ ನೆನಪಿಡುತ್ತವೆ. ಕೊಡಬೇಕಾದವನಿಂದ ಏನನ್ನೂ ಕೊಡಿಸದೆ ಬರಬೇಕಾದವನಿಗೆ ಮಾತ್ರ ತಾಳ್ಮೆ ಬೋಧಿಸುವುದು ಸಂಧಾನವಲ್ಲ, ಅನ್ಯಾಯಕ್ಕೆ ನೆರವು.

ದೇಶದ ಕಾನೂನಿನಲ್ಲೂ ಈ ಬಾಗಿಲು ತೆರೆದಿದೆ. 1987ರ ಕಾಯಿದೆಯನ್ವಯ ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ, ಅದರ ವಿರುದ್ಧ ಅಪೀಲಿಲ್ಲ. 2018ರ ತಿದ್ದುಪಡಿಯ ನಂತರ, 3 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳಲ್ಲಿ ತುರ್ತು ಪರಿಹಾರ ಬೇಡವಾದಾಗ, ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಯತ್ನಿಸುವುದು ಕಡ್ಡಾಯ.

ಹುತಾತ್ಮನ ಪಾಪಗಳೆಲ್ಲ ಕ್ಷಮಿಸಲ್ಪಟ್ಟರೂ ಸಾಲ ಉಳಿಯುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹೀಗಿರುವಾಗ ಮುಂದಿನ ವಾಯಿದೆ ಕೇಳುವ ಮೊದಲು ಸತ್ಯವಿಶ್ವಾಸಿಯು ತನ್ನನ್ನೇ ಕೇಳಿಕೊಳ್ಳಲಿ: ಆ ದಿನದವರೆಗೆ ನಾನು ಬದುಕಿರುತ್ತೇನೆಯೇ? ಪರರ ಹಕ್ಕನ್ನು ಹೊತ್ತು ತನ್ನ ಸನ್ನಿಧಿಗೆ ಬರುವ ದುರ್ಗತಿಯಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ.