ಕೆಂಪು ಕಿಟಕಿಯಲ್ಲಿ ಎಂಟು

ಹಳೇ ಕ್ಯಾಮೆರಾ ಕೊಳ್ಳುವವರು ಸಾಮಾನ್ಯವಾಗಿ ಮೂರು ವಿಷಯ ನೋಡ್ತಾರೆ. ಲೆನ್ಸಿಗೆ ಫಂಗಸ್ ಹಿಡಿದಿದೆಯಾ, ಶಟರ್ ಸರಿಯಾಗಿ ತೆರೆದು ಮುಚ್ಚುತ್ತಾ, ಒಳಗೆ ಬೆಳಕು ಸೋರುತ್ತಾ. ಮೂರಕ್ಕೂ ಮದ್ದಿದೆ. ಫಂಗಸ್ಸನ್ನು ಶುರುವಿನಲ್ಲೇ ಹಿಡಿದರೆ ಒರೆಸಿ ತೆಗೀಬಹುದು. ಗಟ್ಟಿಯಾದ ಎಣ್ಣೆಯನ್ನು ತೊಳೆದರೆ ಶಟರ್ ಮತ್ತೆ ಆಡುತ್ತೆ. ಬಾಗಿಲಿನ ಅಂಚಿನಲ್ಲಿ ಡಾಂಬರಿನ ಹಾಗೆ ಅಂಟಾಗಿರೋ ಹಳೇ ಸ್ಪಂಜನ್ನು ಕೆರೆದು ಹೊಸದು ಹಚ್ಚಿದರೆ ಸೋರಿಕೆ ನಿಲ್ಲುತ್ತೆ. ವಾರವಿಡೀ ಇನ್ಯಾರೋ ಬರೆದ ಕೋಡಿನಲ್ಲಿ ಬಗ್ ಹುಡುಕೋ ನನಗೆ ಭಾನುವಾರದ ಈ ಕೆಲಸ ಕೊಡೋ ಸಮಾಧಾನವೇ ಬೇರೆ. ಇಲ್ಲಿ ಸ್ಕ್ರೂ ತಿರುಗಿಸಿದರೆ ತಿರುಗಿದ್ದು ಕಣ್ಣಿಗೆ ಕಾಣುತ್ತೆ.

ಆದರೆ ನಾಲ್ಕನೆಯದೊಂದಿದೆ, ಅದಕ್ಕೆ ಸ್ಕ್ರೂಡ್ರೈವರ್ ಸಾಲದು. ಒಳಗೆ ಯಾರದೋ ರೀಲು ಉಳಿದುಬಿಟ್ಟಿದ್ದರೆ ಏನು ಮಾಡಬೇಕು?

ಈ ಪ್ರಶ್ನೆ ನನ್ನ ಮನೆಗೆ ಒಂದು ಆಗ್ಫಾ ಕ್ಲಿಕ್ ತ್ರೀ ಜೊತೆ ಬಂತು. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಈ ಡಬ್ಬಿ ಕ್ಯಾಮೆರಾ ಒಂದು ಕಾಲಕ್ಕೆ ನಮ್ಮ ದೇಶದ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ. ಶಟರ್ ವೇಗ ಬದಲಿಸುವ ತಾಪತ್ರಯ ಇಲ್ಲ, ಬಿಸಿಲಿಗೆ ನಿಂತು ಒತ್ತಿದರೆ ಆಯ್ತು. ಒಂದು ರೀಲಿಗೆ 12 ಚೌಕಾಕಾರದ ಫೋಟೋ. ಬೆನ್ನಲ್ಲೊಂದು ಸಣ್ಣ ಕೆಂಪು ಕಿಟಕಿ ಇರುತ್ತೆ. ಫಿಲ್ಮಿನ ಹಿಂದಿನ ಕಾಗದದ ಮೇಲೆ ಅಚ್ಚಾದ ನಂಬರು ಅದರಲ್ಲಿ ಕಾಣುತ್ತೆ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ನನಗೆ ಸಿಕ್ಕ ಕ್ಯಾಮೆರಾದ ಕಿಟಕಿಯಲ್ಲಿ 8 ಅಂತಿತ್ತು. ಅಂದ್ರೆ ಯಾರೋ ಕನಿಷ್ಠ ಏಳು ಫೋಟೋ ತೆಗೆದು, ಉಳಿದದ್ದನ್ನು ಹಾಗೇ ಬಿಟ್ಟಿದ್ದರು.

ತೊಳೆಸದ ರೀಲಿನಲ್ಲಿರೋ ಫೋಟೋ ಒಂದು ವಿಚಿತ್ರ ವಸ್ತು. ಬೆಳಕು ಬಿದ್ದ ಕಡೆ ಬೆಳ್ಳಿಯ ಲವಣದ ಹರಳುಗಳಲ್ಲಿ ಕೆಲವೇ ಕೆಲವು ಬೆಳ್ಳಿಯ ಪರಮಾಣುಗಳು ಒಟ್ಟಾಗಿರುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಅಲ್ಲಿ ಮುಖ ಕಾಣಲ್ಲ, ಮರ ಕಾಣಲ್ಲ. ಡೆವಲಪರ್ ದ್ರಾವಣದಲ್ಲಿ ಅದ್ದಿದ ಮೇಲಷ್ಟೇ ಚಿತ್ರ ಮೂಡುತ್ತೆ. ಅಲ್ಲೀತನಕ ಆ ಫೋಟೋ ಇದೆ, ಆದರೆ ಯಾರೂ ನೋಡಿಲ್ಲ. ತೆಗೆದವರೂ ನೋಡಿಲ್ಲ.

ಆಫೀಸಿನ ಗೆಳೆಯನ ಉತ್ತರ ಸಲೀಸಾಗಿತ್ತು. "ದುಡ್ಡು ಕೊಟ್ಟು ತಂದಿದ್ದೀಯ ಮಗಾ, ನಿಂದೇ. ತೊಳೆಸಿ ಇನ್‌ಸ್ಟಾದಲ್ಲಿ ಹಾಕು. ಇಂಥದ್ದಕ್ಕೆ ಜನ ಮುಗಿಬೀಳ್ತಾರೆ."

ನಮ್ಮೂರಿನಲ್ಲಿ ಹೇಳೋ ಒಂದು ಕತೆ ಇದೆ, ನೀವೂ ಕೇಳಿರ್ತೀರ. ಒಬ್ಬ ಇನ್ನೊಬ್ಬನಿಂದ ಹೊಲ ಕೊಂಡ. ಉಳುವಾಗ ಹೊನ್ನಿನ ಕೊಪ್ಪರಿಗೆ ಸಿಕ್ತು. "ನಾನು ಕೊಂಡಿದ್ದು ನೆಲ, ಕೊಪ್ಪರಿಗೆ ಅಲ್ಲ, ತಗೋ" ಅಂತ ಮಾರಿದವನ ಹತ್ತಿರ ಹೋದ. ಅವನು "ಮಾರಿದ ಮೇಲೆ ಒಳಗಿದ್ದದ್ದೂ ನಿಂದೇ" ಅಂತ ಒಪ್ಪಲಿಲ್ಲ. ಜಗಳ ಧರ್ಮರಾಯನ ಮುಂದೆ ಹೋಯ್ತು. ನಾಳೆ ಬನ್ನಿ ಅಂದ. ಮಾರನೇ ದಿನ ಬಂದಾಗ ಇಬ್ಬರೂ "ಕೊಪ್ಪರಿಗೆ ನಂದು" ಅಂತ ಹೊಡೆದಾಡ್ತಿದ್ದರು. ಆ ರಾತ್ರಿ ಕಲಿಯುಗ ಹುಟ್ಟಿತ್ತಂತೆ.

ಕನ್ನಡದಲ್ಲಿ "ನನ್ನದು" ಅನ್ನೋದೂ "ನನ್ನ ಹತ್ತಿರ ಇದೆ" ಅನ್ನೋದೂ ಬೇರೆ ಬೇರೆ ಮಾತು. ಕ್ಯಾಮೆರಾ ನನ್ನದು. ರೀಲಿನಲ್ಲಿರೋ ಮುಖಗಳು ನನ್ನ ಹತ್ತಿರ ಇವೆ, ಅಷ್ಟೇ. ಕಾನೂನೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತೆ: 1957ರ ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು, ಕ್ಯಾಮೆರಾ ಕೊಂಡವರಲ್ಲ.

ಹಾಗಾದ್ರೆ ಕಣ್ಣುಮುಚ್ಚಿ ಬಿಸಾಕಿಬಿಡೋದು ಸರಿಯಾ? ನಮ್ಮ ವೃತ್ತಿಯ ಅಭ್ಯಾಸ ಅದನ್ನೇ ಹೇಳುತ್ತೆ. ಹಳೇ ಫೋನ್ ಕೊಂಡಾಗ ಬೇರೆಯವರ ಡೇಟಾ ಸಿಕ್ಕರೆ ನೋಡದೆ ರೀಸೆಟ್ ಮಾಡಬೇಕು. ಆದರೆ ಫೋನಿನಲ್ಲಿದ್ದದ್ದರ ಕಾಪಿ ಎಲ್ಲೋ ಇರುವ ಸಾಧ್ಯತೆ ಇದೆ. ಇಲ್ಲಿ ಇರೋದು ಇದೊಂದೇ. ಬಾಗಿಲು ತೆರೆದು ಬೆಳಕು ಬಿಟ್ಟರೆ ಮುಗೀತು. ಸುಮ್ಮನೆ ಇಟ್ಟರೂ ಉಳಿಯಲ್ಲ. ಸೆಖೆಗೆ, ಮಳೆಗಾಲದ ತೇವಕ್ಕೆ ಫಿಲ್ಮ್ ವರ್ಷವರ್ಷ ಮಂಜಾಗ್ತಾ ಹೋಗುತ್ತೆ. ಏನೂ ಮಾಡದೇ ಇರೋದೂ ಇಲ್ಲಿ ಒಂದು ತೀರ್ಮಾನವೇ.

1897ರಲ್ಲಿ ಸ್ವೀಡನ್ನಿನ ಆಂದ್ರೆ ಮತ್ತು ಇಬ್ಬರು ಸಂಗಾತಿಗಳು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಹಿಮದಲ್ಲಿ ಸತ್ತರು. 33 ವರ್ಷದ ನಂತರ, 1930ರಲ್ಲಿ, ಅವರ ಅವಶೇಷಗಳ ಜೊತೆ ಫಿಲ್ಮ್ ಸಿಕ್ಕಿತು. ಸ್ಟಾಕ್‌ಹೋಮಿನಲ್ಲಿ ಯೋನ್ ಹರ್ಟ್ಸ್‌ಬರ್ಗ್ ಎಂಬಾತ 240ರಲ್ಲಿ 93 ಚಿತ್ರಗಳನ್ನು ಉಳಿಸಿದ. ನೆಲಕ್ಕಿಳಿದ ಬಲೂನಿನ ಪಕ್ಕ ನಿಂತ ಮನುಷ್ಯರು ಹಾಗೆ ಹೊರಬಂದರು. ಇದರಲ್ಲಿ ಯಾರಿಗೂ ತಪ್ಪು ಕಾಣಲ್ಲ. ಲೋಕಕ್ಕೆ ತೋರಿಸೋಕೇ ತೆಗೆದ ಫೋಟೋಗಳು ಅವು.

ವಿವಿಯನ್ ಮೇಯರ್ ವಿಷಯ ಅಷ್ಟು ಸುಲಭ ಅಲ್ಲ. ಶಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳೋ ದಾದಿಯಾಗಿದ್ದಾಕೆ. ಬಾಡಿಗೆ ಕಟ್ಟದ ಗೋದಾಮಿನಿಂದ 2007ರಲ್ಲಿ ಆಕೆಯ ಪೆಟ್ಟಿಗೆಗಳು ಹರಾಜಾದವು. ಕೊಂಡವರಿಗೆ ಸಾವಿರಾರು ನೆಗೆಟಿವ್‌ಗಳು, ತೊಳೆಸದ ರೀಲುಗಳ ರಾಶಿ ಸಿಕ್ಕವು. 2009ರಲ್ಲಿ ಆಕೆ ತೀರಿಕೊಂಡರು, ಆಮೇಲೆ ಜಗತ್ಪ್ರಸಿದ್ಧರಾದರು. ಬದುಕಿದ್ದಾಗ ಹೆಚ್ಚುಕಮ್ಮಿ ಯಾರಿಗೂ ತೋರಿಸದೇ ಇಟ್ಟ ಚಿತ್ರಗಳವು. ತೋರಿಸಬೇಕು ಅಂತ ಆಕೆಗೆ ಇತ್ತಾ? ಕೇಳೋಕೆ ಆಕೆಯಿಲ್ಲ. ನಾನೂ ಆ ಫೋಟೋಗಳನ್ನು ನೋಡಿ ಖುಷಿಪಟ್ಟವನೇ. ಅವು ಕತ್ತಲಲ್ಲೇ ಕೊಳೆಯಬೇಕಿತ್ತು ಅಂತ ಹೇಳೋಕೆ ನನ್ನ ಬಾಯಿ ಬರಲ್ಲ. ನನ್ನ ಖುಷಿಯೇ ಆಕೆಯ ಒಪ್ಪಿಗೆ ಅಂತ ಹೇಳೋಕೂ ಬರಲ್ಲ.

ಹಾಗಾಗಿ ನಾನು ಹಿಡಿದುಕೊಂಡ ಪ್ರಶ್ನೆ ಒಂದೇ: ಇದನ್ನು ಯಾರಿಗೆ ತೋರಿಸೋಕೆ ತೆಗೆದದ್ದು? ಮನೆಯ ಫೋಟೋ ಆದ್ರೆ ಉತ್ತರ ಸ್ಪಷ್ಟ, ಆ ಮನೆಯವರಿಗೆ. ಆದ್ದರಿಂದ ಉಳಿಸಬೇಕು, ಆದ್ದರಿಂದಲೇ ಹರಡಬಾರದು.

ರೀಲನ್ನು ಕೊನೇತನಕ ಸುತ್ತಿ, ತೆಗೆದು, ಮನೆಯಲ್ಲೇ ತೊಳೆದೆ. ಲ್ಯಾಬಿಗೆ ಕೊಟ್ಟರೆ ಇನ್ನೊಬ್ಬ ಅಪರಿಚಿತ ನೋಡಿದ ಹಾಗೆ. ಕಪ್ಪುಬಿಳುಪು ಫಿಲ್ಮ್ ಆದ್ದರಿಂದ ಅಷ್ಟು ಸಾಧ್ಯ ಆಯ್ತು. ನಾಲ್ಕು ಚಿತ್ರ ಬಂದವು, ಮಿಕ್ಕದ್ದು ಬರೀ ಮಂಜು. ಹೆಂಚಿನ ಮನೆ ಮುಂದೆ ಇಬ್ಬರು ಹೆಂಗಸರು. ಮೇಕೆಮರಿ ಎತ್ತಿಕೊಂಡ ಹುಡುಗ. ಒಂದು ಊರ ಗುಡಿ, ಪಕ್ಕದಲ್ಲಿ ಅರಳೀಕಟ್ಟೆ. ಕೊನೇದರಲ್ಲಿ ಅಂಗಳದಲ್ಲೊಂದು ಕುರ್ಚಿ, ಅದರಲ್ಲಿ ಹಾರ ಹಾಕಿ ಕೂರಿಸಿದ ಹಿರಿಯರೊಬ್ಬರು. ಹಿಂದಿನಿಂದ ಯಾರದೋ ಕೈ ತಲೆ ವಾಲದ ಹಾಗೆ ಹಿಡಿದಿದೆ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳದವರಿಗೆ ಮಣ್ಣಿಗೆ ಹೋಗೋ ಮುಂಚೆ ಒಂದು ಫೋಟೋ. ನಮ್ಮ ತಾತನದು ಇರೋದೂ ಅಂಥದ್ದೊಂದೇ. ಸ್ಟುಡಿಯೋದವರು ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆದುಕೊಟ್ಟಿದ್ದರು. ಅಜ್ಜಿ ಇರೋತನಕ ದಿನಾ ಅದಕ್ಕೆ ಹೂ ಇಡ್ತಿದ್ದಳು. ಎಲ್ಲೋ ಒಂದು ಮನೆಯ ಗೋಡೆಯಲ್ಲಿ ಅಂಥ ಫೋಟೋದ ಜಾಗ ಖಾಲಿ ಇದೆ, ಅದು ನನ್ನ ಡ್ರಾಯರಿನಲ್ಲಿದೆ.

ಮಾರಿದವರನ್ನು ಕೇಳಿದೆ. "ಮೂಟೆಯಲ್ಲಿ ಬಂತು ಸಾರ್, ಯಾವ ಊರೋ ಏನೋ" ಅಂದರು. ಗೆಳೆಯ ಮತ್ತೆ ಹೇಳಿದ, "ಎಲ್ಲಾ ಹಾಕಿದ್ರೆ ಯಾರಾದ್ರೂ ಗುರುತು ಹಿಡೀತಾರಲ್ವಾ?" ನಿಜ, ಇದು ಅವನ ಮಾತುಗಳಲ್ಲೇ ಗಟ್ಟಿಯಾದದ್ದು. ಮುಚ್ಚಿಟ್ಟುಕೊಂಡರೆ ವಾಪಸ್ ಮಾಡೋದು ಹೇಗೆ? ಆದರೆ ಊರು ಗುರುತು ಹಿಡಿಯೋಕೆ ಗುಡಿಯ ಫೋಟೋ ಸಾಕು. ಅದೊಂದನ್ನು ಹಾಕಿದೆ. ಹೆಂಗಸರು, ಹುಡುಗ, ಕುರ್ಚಿಯಲ್ಲಿ ಕೂತವರು ನೆಗೆಟಿವ್‌ನಲ್ಲೇ ಇದ್ದಾರೆ. ಗುಡಿ ನಮ್ಮೂರದು ಅಂತ ಯಾರೂ ಇನ್ನೂ ಹೇಳಿಲ್ಲ. ಬರೀ ಗುಡಿಗೆ ಲೈಕ್ ಕಮ್ಮಿ, ಹಾಗಾಗಿ ಅದು ದೂರ ಹೋಗಲ್ಲ ಅನ್ನೋದೂ ಗೊತ್ತು. ಹಾರ ಹಾಕಿದ ಹೆಣದ ಫೋಟೋ ಹಾಕಿದ್ರೆ ಒಂದೇ ದಿನದಲ್ಲಿ ರಾಜ್ಯವೆಲ್ಲ ಸುತ್ತುತ್ತಿತ್ತು, ಬಹುಶಃ ಆ ಮನೆಗೂ ತಲುಪುತ್ತಿತ್ತು. ಆದರೆ ಲಕ್ಷ ಜನ ನೋಡಿ, ಕಮೆಂಟ್ ಮಾಡಿ ಮುಗಿದ ಮೇಲೆ ಅವರ ಕೈಗೆ ಸಿಗುತ್ತಿತ್ತು. ಹಾಗೆ ಸಿಕ್ಕಿದ್ದನ್ನು ಒಪ್ಪಿಸಿದ್ದು ಅಂತ ನಾನು ಕರೆಯಲಾರೆ.

ನಿಮ್ಮೂರ ಮನೆಯ ಅಟ್ಟದಲ್ಲೂ ಹಳೇ ಕ್ಯಾಮೆರಾ ಇರಬಹುದು. ಗುಜರಿಗೆ ಹಾಕೋ ಮುಂಚೆ ಅದರ ಬೆನ್ನಿನ ಕೆಂಪು ಕಿಟಕಿಯಲ್ಲಿ ನಂಬರು ಕಾಣುತ್ತಾ ನೋಡಿ. ಕಂಡರೆ ಬಾಗಿಲು ತೆರೀಬೇಡಿ, ಮೊದಲು ಮನೆಯ ಹಿರಿಯರನ್ನು ಕೇಳಿ, ಕೊನೇ ಸಲ ಫೋಟೋ ತೆಗೆದದ್ದು ಯಾವಾಗ, ಯಾರದು ಅಂತ. ಉತ್ತರ ಗೊತ್ತಿರೋರು ಇನ್ನೂ ಇದ್ದಾಗಲೇ ಕೇಳಿ.