ಗರಡಿಯ ಕಲ್ಲು, ಜಿಮ್ಮಿನ ಕನ್ನಡಿ

ರಾಯಚೂರು ಕೋಟೆಯ ಗೋಡೆಯಲ್ಲಿ ಒಂದು ಕಲ್ಲಿದೆ. ಅದರ ಉದ್ದ 41 ಅಡಿಗೂ ಹೆಚ್ಚು. 1294ರಲ್ಲಿ ಈ ಕೋಟೆ ಕಟ್ಟಿಸಿದ ವಿಷಯವನ್ನು ಅದರ ಮೇಲಿನ ಶಾಸನ ಹೇಳುತ್ತದೆ. ರಾಜನ ಹೆಸರಿದೆ, ಕಟ್ಟಿಸಿದವನ ಹೆಸರಿದೆ. ಆದರೆ ಆ ಗೋಡೆಯಲ್ಲೇ ಕೊರೆದಿರುವ ಒಂದು ಚಿತ್ರ ನನಗೆ ಶಾಸನಕ್ಕಿಂತ ಮುಖ್ಯವೆನಿಸುತ್ತದೆ. ಆ ಭಾರೀ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಕೋಣಗಳ ಉದ್ದನೆಯ ಸಾಲು. ಹೊಡೆಯುವವರು ಕೂಗಿ ಹುರಿದುಂಬಿಸುತ್ತಿದ್ದಾರೆ. ಹಿಂದಿನಿಂದ ಕೆಲವರು ಗಾಲಿಗಳಿಗೆ ಸನ್ನೆಗೋಲು ಕೊಟ್ಟು ನೂಕುತ್ತಿದ್ದಾರೆ. ಅವರ ಹೆಸರು ಎಲ್ಲೂ ಇಲ್ಲ. ಆದರೆ ಅವರ ತೋಳಿನ ಶಕ್ತಿ ಏನು ಮಾಡಿತು ಎಂಬುದಕ್ಕೆ ಕಲ್ಲೇ ಇಂದಿಗೂ ಸಾಕ್ಷಿ.

ಇದೇ ಊರಿನಲ್ಲಿ ಇಂದು ತೋಳುಗಳ ಚಿತ್ರ ಬೇರೆ ಕಡೆ ಕಾಣುತ್ತದೆ. ಜಿಮ್ಮಿನ ಬ್ಯಾನರುಗಳ ಮೇಲೆ, ಪ್ರೋಟೀನ್ ಪುಡಿಯ ಡಬ್ಬಗಳ ಮೇಲೆ, ಹುಡುಗರ ಮೊಬೈಲುಗಳಲ್ಲಿ. ರಾಯಚೂರಿನಲ್ಲಷ್ಟೇ ಅಲ್ಲ, ದೇವದುರ್ಗ, ಮಾನ್ವಿಯಂಥ ತಾಲೂಕು ಊರುಗಳಲ್ಲೂ ಶೆಟರ್ ಎತ್ತಿದರೆ ಒಳಗೆ ಕಬ್ಬಿಣ, ಗೋಡೆ ತುಂಬ ಕನ್ನಡಿ. ದೇವದುರ್ಗದ ಕಡೆಯ ಒಬ್ಬ ಹುಡುಗ ನನಗೆ ಪರಿಚಯ. ತಂದೆ ಗಂಜಿನಲ್ಲಿ ಚೀಲ ಹೊರುವ ಹಮಾಲ. ಹುಡುಗನಿಗೆ ದೇಹದಾರ್ಢ್ಯ ಸ್ಪರ್ಧೆಯ ಹುಚ್ಚು. "ಇದಕ್ಕೆ ಇಷ್ಟು ದುಡ್ಡು ಯಾಕಪ್ಪಾ ಸುರೀತಿ?" ಎಂದು ಕೇಳಿದೆ. ಅವನು ಹೇಳಿದ: "ಸರ, ನಮ್ಮಪ್ಪ ದಿನಾ ಚೀಲ ಹೊರತಾನ್ರಿ, ಅವನ ಮೈ ಯಾರರ ನೋಡ್ಯಾರೇನ್ರಿ? ನಾ ಸ್ಟೇಜಿನ ಮ್ಯಾಲ ನಿಂತ್ರ ಮಂದಿ ಚಪ್ಪಾಳಿ ಹೊಡೀತಾರ್ರಿ."

ಈ ಮಾತಿಗೆ ನನ್ನಲ್ಲಿ ಕೂಡಲೇ ಉತ್ತರವಿರಲಿಲ್ಲ. ದೇಹದಾರ್ಢ್ಯವನ್ನು ಕ್ರಿಕೆಟ್, ಕಬಡ್ಡಿಗಳ ಹಾಗೆ ಎಲ್ಲರ ಕ್ರೀಡೆಯಾಗಿ ಬೆಳೆಸಬೇಕೆ, ಇಲ್ಲವೆ ಅದು ಕೆಲವೇ ಆಸಕ್ತರ ಹವ್ಯಾಸವಾಗಿ ಉಳಿದರೆ ಸಾಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ರೀಡಾ ಪುಟದ ಪ್ರಶ್ನೆ. ಆದರೆ ಈ ಹುಡುಗನ ಮಾತಿನ ಮುಂದಿಟ್ಟರೆ ಅದು ನೀತಿಯ ಪ್ರಶ್ನೆಯಾಗುತ್ತದೆ. ಬಡವನ ದೇಹವನ್ನು ಸಮಾಜ ಯಾವಾಗ ಗೌರವಿಸುತ್ತದೆ? ಅದು ದುಡಿಯುವಾಗಲೋ, ತೋರಿಸಿಕೊಳ್ಳುವಾಗಲೋ?

ನಮ್ಮ ಸೀಮೆಗೆ ಕಸರತ್ತು ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿದ್ದ ಈ ಊರುಗಳಲ್ಲಿ ಗರಡಿ ಮನೆಗೆ ತಾಲೀಮು ಎಂದೂ ಹೆಸರು. ಕೆಮ್ಮಣ್ಣಿನ ಅಖಾಡ, ದಂಡ, ಬೈಠಕ್, ತಿರುವುವ ಲೋಡು, ಎತ್ತುವ ಕಲ್ಲುಗುಂಡು. ಕಲಿಸುವವನು ಉಸ್ತಾದ, ಕಲಿತವನು ಪೈಲ್ವಾನ. ಈ ಮಾತುಗಳೇ ಸಾಕು, ಅಲ್ಲಿ ಯಾರು ಯಾರು ಬೆವರು ಸುರಿಸಿದ್ದರು ಎಂಬುದನ್ನು ಹೇಳಲು. ಗರಡಿಯಲ್ಲಿ ಹನುಮನ ಪಟಕ್ಕೆ ಕೈಮುಗಿದು ಇಳಿದವನೂ, ಬಿಸ್ಮಿಲ್ಲಾ ಎಂದು ಇಳಿದವನೂ ಒಂದೇ ಮಣ್ಣನ್ನು ಮೈಗೆ ಹಚ್ಚಿಕೊಂಡರು. ಕಾರಹುಣ್ಣಿಮೆಯ ಹೊತ್ತಿಗೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬದಲ್ಲಿ ಇವತ್ತಿಗೂ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ. ಕುಸ್ತಿ ನಡೆಯುತ್ತದೆ, ಕಲ್ಲು ಎತ್ತುವ, ಉಸುಕಿನ ಚೀಲ ಎತ್ತುವ ಪಂದ್ಯಗಳು ನಡೆಯುತ್ತವೆ. ಕೋಟೆಯ ಗೋಡೆಯ ಚಿತ್ರ ಜೀವ ತಳೆದು ಬೀದಿಗೆ ಬಂದ ಹಾಗೆ ಕಾಣುತ್ತದೆ.

ಕನ್ನಡಿಯ ಮುಂದಿನ ಕಸರತ್ತಿನ ಕಥೆ ಬೇರೆ. ಯುಜೆನ್ ಸ್ಯಾಂಡೋ ಎಂಬಾತ 1901ರಲ್ಲಿ ಲಂಡನ್ನಿನಲ್ಲಿ ದೇಹ ಸೌಷ್ಠವದ ದೊಡ್ಡ ಸ್ಪರ್ಧೆ ನಡೆಸಿದ. ಮುಂದೆ ಕೆಲವೇ ವರ್ಷಗಳಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ದುರ್ಬಲರೆಂದು ಆಳುವವರಿಂದ ಹೀಯಾಳಿಸಿಕೊಂಡ ಜನಕ್ಕೆ ಅದು ಬರೀ ಶೋಕಿಯಾಗಿ ಕಾಣಲಿಲ್ಲ, ಮಾನದ ಪ್ರಶ್ನೆಯಾಗಿ ಕಂಡಿತು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ಕಟ್ಟಿ ನೂರಾರು ತರುಣರನ್ನು ತಯಾರು ಮಾಡಿದರು. ಅದೇ ಅಯ್ಯರ್ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರು ಎಂಬುದನ್ನು ಇಂದಿನ ಜಿಮ್ ಹುಡುಗರಿಗೆ ಹೇಳಿದರೆ ನಂಬಲಿಕ್ಕಿಲ್ಲ. 'ರೂಪದರ್ಶಿ'ಯಲ್ಲಿ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾದ ಮಗುವೇ ವರ್ಷಗಳು ಕಳೆದ ಮೇಲೆ ಜುದಾಸನ ಚಿತ್ರಕ್ಕೂ ಮಾದರಿಯಾಗುತ್ತಾನೆ. ದೇಹದ ಚೆಲುವಿಗೆ ಬಾಳನ್ನೇ ಕೊಟ್ಟ ಮನುಷ್ಯ, ಚೆಲುವು ಬದುಕಿನ ಕೈಯಲ್ಲಿ ಏನಾಗುತ್ತದೆ ಎಂಬುದನ್ನೂ ಕಂಡಿದ್ದರು.

ಬಂಗಾಳದ ಮನೋಹರ್ ಐಚ್ ಅವರದು ಇನ್ನೊಂದು ಕಥೆ. ವಾಯುಪಡೆಯಲ್ಲಿದ್ದಾಗ ಬ್ರಿಟಿಷ್ ಅಧಿಕಾರಿಯೊಬ್ಬನ ಮೇಲೆ ಕೈಮಾಡಿ ಜೈಲು ಸೇರಿದರು. ಅಲ್ಲಿ ಕಸರತ್ತನ್ನೇ ವ್ರತವಾಗಿಸಿಕೊಂಡರು. ಐದಡಿಯೂ ಎತ್ತರವಿಲ್ಲದ ಆ ಮನುಷ್ಯ 1952ರಲ್ಲಿ ತಮ್ಮ ವಿಭಾಗದಲ್ಲಿ ಮಿಸ್ಟರ್ ಯೂನಿವರ್ಸ್ ಆದರು. 2016ರಲ್ಲಿ ತೀರಿಕೊಂಡಾಗ ಅವರಿಗೆ 104 ವರ್ಷ. ಆದ್ದರಿಂದ ದೇಹದಾರ್ಢ್ಯವೆಂದರೆ ಪೊಳ್ಳು ಆಡಂಬರ ಎಂದು ತಳ್ಳಿಹಾಕುವುದು ಅನ್ಯಾಯ. ಅದರಲ್ಲಿ ಶಿಸ್ತಿದೆ, ಹಸಿವನ್ನು ಹಿಡಿತಕ್ಕೆ ತರುವ ತಪಸ್ಸಿದೆ. ಗುಟ್ಕಾ, ಕುಡಿತಗಳಿಂದ ದೂರ ಉಳಿಯಲು ಎಷ್ಟೋ ಹುಡುಗರಿಗೆ ಜಿಮ್ಮು ನೆಪವಾಗಿರುವುದೂ ಸುಳ್ಳಲ್ಲ.

ಹಾಗಿದ್ದರೂ ಗರಡಿಯ ಕಲ್ಲಿಗೂ ಜಿಮ್ಮಿನ ಕನ್ನಡಿಗೂ ಒಂದು ವ್ಯತ್ಯಾಸವಿದೆ. ಕುಸ್ತಿಯಲ್ಲಿ ದೇಹ ಏನನ್ನೋ ಮಾಡುತ್ತದೆ. ದೇಹದಾರ್ಢ್ಯದ ವೇದಿಕೆಯಲ್ಲಿ ದೇಹ ನೋಡಿಸಿಕೊಳ್ಳುತ್ತದೆ. ಜಿಮ್ನಾಸ್ಟಿಕ್ಸಿನಲ್ಲೂ ತೀರ್ಪುಗಾರರ ಕಣ್ಣೇ ಅಂಕ ಕೊಡುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಅಲ್ಲಿ ಕಣ್ಣು ಅಳೆಯುವುದು ಒಂದು ಕ್ರಿಯೆಯನ್ನು. ಇಲ್ಲಿ ಕ್ರಿಯೆಯೆಲ್ಲ ವರ್ಷಗಟ್ಟಲೆ ಮರೆಯಲ್ಲಿ ನಡೆದಿರುತ್ತದೆ. ವೇದಿಕೆಗೆ ಬರುವುದು ಫಲ ಮಾತ್ರ. ಫಲವನ್ನಷ್ಟೇ ತೂಗುವ ಕಡೆ, ಅದನ್ನು ಯಾವ ದಾರಿಯಿಂದ ತಂದೆ ಎಂದು ಕೇಳುವವರು ಕಡಿಮೆ.

ಇನ್ನೂ ಆಳದ ವ್ಯತ್ಯಾಸ 'ಸಾಕು' ಎಂಬ ಮಾತಿನದು. ಕಲ್ಲು ಎದೆಯವರೆಗೆ ಬಂದು ಹೆಗಲು ದಾಟಿತೆಂದರೆ ಕೆಲಸ ಮುಗಿಯಿತು. ನೆರೆದ ಮಂದಿ ಶಹಬ್ಬಾಸ್ ಅನ್ನುತ್ತಾರೆ, ಪೈಲ್ವಾನ ಮುಂಡಾಸು ಸುತ್ತಿಕೊಂಡು ಮನೆಗೆ ಹೋಗುತ್ತಾನೆ. ಕಲ್ಲಿಗೆ ಒಂದು ತೂಕವಿದೆ, ಅದು ಸುಳ್ಳು ಹೇಳುವುದಿಲ್ಲ. ಕನ್ನಡಿಗೆ ಆ ಗುಣವಿಲ್ಲ. ಅದು ಎಂದೂ ಸಾಕು ಅನ್ನುವುದಿಲ್ಲ. ತೋಳು ದಪ್ಪವಾದರೆ ಭುಜ ಸಣ್ಣದೆನಿಸುತ್ತದೆ, ಭುಜ ತುಂಬಿಕೊಂಡರೆ ಕಾಲು ಬಡಕಲೆನಿಸುತ್ತದೆ. ಪಕ್ಕದ ಹುಡುಗನ ಫೋಟೋ ನೋಡಿದಾಗಲಂತೂ ಇದ್ದದ್ದೆಲ್ಲ ಕರಗಿಹೋಗುತ್ತದೆ.

ಈ ಮುಗಿಯದ ಹಸಿವಿನ ಹೊಸ್ತಿಲಲ್ಲೇ ಸೂಜಿ ಕಾದು ನಿಂತಿರುತ್ತದೆ. ಸ್ಟೆರಾಯ್ಡ್ ಚುಚ್ಚಿಕೊಂಡರೆ ಸ್ನಾಯು ಬೇಗ ಉಬ್ಬುತ್ತದೆ. ಹೊರಗಿನಿಂದ ಹಾರ್ಮೋನು ಸಿಕ್ಕಿತೆಂದು ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ಸಂತಾನಶಕ್ತಿ ಕುಂದುತ್ತದೆ, ಎದೆಯಲ್ಲಿ ಗಂಟು ಬೆಳೆಯುತ್ತದೆ. ಒಳ್ಳೆಯ ಕೊಬ್ಬಿನಂಶ ಇಳಿದು ಹೃದಯದ ಗೋಡೆ ದಪ್ಪವಾಗುತ್ತದೆ, ಯಕೃತ್ತು ಸೊರಗುತ್ತದೆ, ಸಿಟ್ಟು ಹತೋಟಿ ತಪ್ಪುತ್ತದೆ. ಸ್ಪರ್ಧೆ ಹತ್ತಿರ ಬಂದಾಗ ನರ ಎದ್ದು ಕಾಣಲೆಂದು ನೀರು ಬಿಡುವುದು, ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವುದು ಇನ್ನೊಂದು ಅಪಾಯ. ಅಲ್ಜೀರಿಯಾ ಮೂಲದ ಮೊಹಮ್ಮದ್ ಬೆನಾಝೀಝಾ 1992ರಲ್ಲಿ ಹಾಲೆಂಡಿನಲ್ಲಿ ಸ್ಪರ್ಧೆ ಮುಗಿದ ಬೆನ್ನಿಗೇ ಸತ್ತರು. ಆಸ್ಟ್ರಿಯಾದ ಆಂಡ್ರಿಯಾಸ್ ಮುಂಝರ್ 1996ರಲ್ಲಿ 31ನೇ ವಯಸ್ಸಿಗೇ ತೀರಿಕೊಂಡರು. ನೋಡುವವರ ಕಣ್ಣಿಗೆ ಇಬ್ಬರೂ ಆರೋಗ್ಯದ ಪ್ರತಿಮೆಗಳಂತಿದ್ದರು. ಏಷ್ಯನ್ ಕ್ರೀಡಾಕೂಟದಲ್ಲಿ 2002ರ ಬೂಸಾನ್ ಮತ್ತು 2006ರ ದೋಹಾದಲ್ಲಿ ದೇಹದಾರ್ಢ್ಯಕ್ಕೆ ಜಾಗ ಸಿಕ್ಕಿತ್ತು, ಆಮೇಲೆ ಸಿಗಲಿಲ್ಲ. ಒಲಿಂಪಿಕ್ಸ್ ಬಾಗಿಲು ಎಂದೂ ತೆರೆದಿಲ್ಲ.

ಹಾಗಾದರೆ ಅದು ಮೂಲೆಯಲ್ಲೇ ಇರಲಿ ಎಂದು ಕೈತೊಳೆದುಕೊಳ್ಳಬಹುದೆ? ಇಲ್ಲಿ ಎದುರು ವಾದವನ್ನು ಗಂಭೀರವಾಗಿ ಕೇಳಬೇಕು. ಮಾನ್ಯತೆಯಿರುವ ಕಡೆ ಪರೀಕ್ಷೆಯಿರುತ್ತದೆ, ತರಬೇತಿ ಪಡೆದ ಕೋಚ್ ಇರುತ್ತಾನೆ, ಸಿಕ್ಕಿಬಿದ್ದರೆ ಶಿಕ್ಷೆಯಿರುತ್ತದೆ. 2022ರಲ್ಲಿ ನಮ್ಮ ದೇಶಕ್ಕೆ ಉದ್ದೀಪನ ಮದ್ದು ತಡೆಯ ಕಾನೂನೇ ಬಂದಿದೆ. ಆದರೆ ತಾಲೂಕು ಊರಿನ ಮೂಲೆಯ ಜಿಮ್ಮಿಗೆ ಯಾವ ಪರೀಕ್ಷಕನೂ ಬರುವುದಿಲ್ಲ. ಅಲ್ಲಿ ಹುಡುಗನಿಗೆ ವೈದ್ಯನೂ ಕೋಚೂ ಅಂಗಡಿಯವನೂ ಒಬ್ಬನೇ. ನನ್ನ ಪರಿಚಯದ ಹುಡುಗ ಒಮ್ಮೆ ಚೀಟಿಯಿಲ್ಲದೆ ಕೊಂಡ ಒಂದು ಸೀಸೆಯನ್ನು ಜೇಬಿನಿಂದ ತೆಗೆದು ತೋರಿಸಿದ. "ವಿಟಾಮಿನ್ ಅಂತ ಕೊಟ್ಟಾರ್ರಿ" ಎಂದ. ಅದು ವಿಟಮಿನ್ ಆಗಿರಲಿಲ್ಲ. ಮೂಲೆ ಎಂಬುದು ಕೆಲವರಿಗೆ ನೆಮ್ಮದಿಯ ಜಾಗ, ಕೆಲವರಿಗೆ ಕಣ್ಣು ತಪ್ಪಿಸುವ ಜಾಗ. ಆದ್ದರಿಂದ ಅದು ಚಿಕ್ಕದಾಗಿ ಉಳಿದರೂ ಕತ್ತಲಲ್ಲಿ ಉಳಿಯಬಾರದು.

ಈಗ ನಮ್ಮ ಜಿಲ್ಲೆಯ ಇನ್ನೊಂದು ಮುಖ ನೋಡೋಣ. 2002ರಲ್ಲಿ ಬಂದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ದೇವದುರ್ಗ, ಮಾನ್ವಿಗಳನ್ನು ಸೇರಿಸಿತು. ಇಲ್ಲಿಂದ ಇಂದಿಗೂ ಸಂಸಾರಗಳು ಕೂಸುಕುನ್ನಿ ಕಟ್ಟಿಕೊಂಡು ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುತ್ತವೆ. ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆಯ ಸುದ್ದಿ ದೊಡ್ಡದಾದ ಮೇಲೆ 2012ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಸಮಿತಿ ಕೆಲಸ ಮಾಡಬೇಕಾಯಿತು. ಶಾಲೆಯ ಬಿಸಿಯೂಟದ ತಟ್ಟೆಗೆ ಒಂದು ಮೊಟ್ಟೆ ಬೀಳಲು 2021ರ ಡಿಸೆಂಬರ್ ತನಕ ಕಾಯಬೇಕಾಯಿತು. ಅದಕ್ಕೂ ಎಷ್ಟು ಜಗಳ! ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ.

ಸ್ಪರ್ಧೆಗೆ ತಯಾರಾಗುವ ಹುಡುಗ ದಿನಕ್ಕೆ ಹತ್ತು ಹನ್ನೆರಡು ಮೊಟ್ಟೆ ಒಡೆದು ಬಿಳಿಯದನ್ನು ತಿಂದು ಹಳದಿಯದನ್ನು ಚೆಲ್ಲುತ್ತಾನೆ. ಅದೇ ಓಣಿಯ ಮಗುವಿಗೆ ಒಂದು ಇಡೀ ಮೊಟ್ಟೆ ಸರಕಾರದ ಆದೇಶವಾಗಿ ಬರಬೇಕು. ಹುಡುಗನನ್ನು ದೂರಲು ಇದನ್ನು ಹೇಳುತ್ತಿಲ್ಲ. ಅವನ ಮನೆಯಲ್ಲೂ ಆ ಮೊಟ್ಟೆಯ ದುಡ್ಡು ಅಕ್ಕತಂಗಿಯರ ತಟ್ಟೆಯಿಂದಲೇ ಬಂದಿರುತ್ತದೆ. ಮಾನ್ವಿಯ ಗದ್ದೆಗಳಲ್ಲಿ ಕೆಸರಿನಲ್ಲಿ ಬಗ್ಗಿ ದಿನವಿಡೀ ನಾಟಿ ಹಚ್ಚುವ ಹೆಂಗಸಿನ ಬೆನ್ನಿಗಿಂತ ಗಟ್ಟಿಯಾದ ಸ್ನಾಯು ಯಾವುದಿದೆ? ಆದರೆ ಆಕೆಯ ರಕ್ತದಲ್ಲಿ ಕಬ್ಬಿಣವಿಲ್ಲ, ಜಿಮ್ಮಿನಲ್ಲಿ ಕಬ್ಬಿಣದ ರಾಶಿಯಿದೆ. ಒಂದು ಸಮಾಜ ಯಾವ ದೇಹದ ಮೇಲೆ ಖರ್ಚು ಮಾಡುತ್ತದೆ, ಯಾವ ದೇಹಕ್ಕೆ ಚಪ್ಪಾಳೆ ಹೊಡೆಯುತ್ತದೆ ಎಂಬುದರಲ್ಲೇ ಅದರ ನೀತಿ ತಿಳಿಯುತ್ತದೆ.

ನಮ್ಮ ಪರಂಪರೆಗಳು ದೇಹವನ್ನು ಕೀಳುಗಳೆದಿಲ್ಲ. ವಚನಕಾರರು ಕಲ್ಲಿನ ಗುಡಿಗಿಂತ ಮನುಷ್ಯನ ಒಡಲನ್ನು ಮೇಲೆ ಇಟ್ಟರು. ಇಸ್ಲಾಂ ದೇಹವನ್ನು ಅಮಾನತ್ ಎನ್ನುತ್ತದೆ, ದೇವರು ಕಾಪಾಡಿಕೊಳ್ಳಲು ಕೊಟ್ಟ ಒತ್ತೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಜಿನಲ್ಲಿ ಮೈ ದಂಡಿಸುತ್ತಿದ್ದ ಅನುಯಾಯಿಯೊಬ್ಬರಿಗೆ ಪ್ರವಾದಿ, ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆ ಎಂದು ತಿಳಿಹೇಳಿದರು. ಭಕ್ತಿಯ ಹೆಸರಿನಲ್ಲೂ ದೇಹವನ್ನು ಸವೆಸುವಂತಿಲ್ಲ ಎಂದಮೇಲೆ ಬಹುಮಾನದ ಹೆಸರಿನಲ್ಲಿ ಸವೆಸುವುದು ಹೇಗೆ ಸರಿ? ಎದುರಾಳಿಯನ್ನು ಕೆಡವುವವನಲ್ಲ, ಸಿಟ್ಟಿನಲ್ಲಿ ತನ್ನನ್ನು ತಾನು ಹಿಡಿದುಕೊಳ್ಳುವವನೇ ನಿಜವಾದ ಬಲಶಾಲಿ ಎಂಬ ಬೋಧೆಯೂ ಇದೆ. ಹೊಕ್ಕುಳಿನಿಂದ ಮೊಣಕಾಲಿನವರೆಗೆ ಮೈ ಮುಚ್ಚಿರಬೇಕೆಂಬ ನಿಯಮ ಪಾಲಿಸುವ ಮುಸ್ಲಿಂ ಹುಡುಗನಿಗಂತೂ ಅಂಗೈಯಗಲದ ಚಡ್ಡಿಯ ವೇದಿಕೆ ಮನಸ್ಸಿನ ಕಿರಿಕಿರಿಯೇ. ಆದರೆ ಮೌಲ್ವಿಗಳು ಚಡ್ಡಿಯ ಬಗ್ಗೆ ಮಾತ್ರ ಮಾತಾಡಿ ಸೂಜಿಯ ಬಗ್ಗೆ ಸುಮ್ಮನಿದ್ದರೆ ಪ್ರಯೋಜನವಿಲ್ಲ. ಬಟ್ಟೆಯ ಅಳತೆಗಿಂತ ಜೀವ ದೊಡ್ಡದು.

ಇಷ್ಟಾದ ಮೇಲೆ ನನ್ನ ಮಾತು ಇದು. ಮುಖ್ಯವಾಹಿನಿಗೆ ಬರಬೇಕಾದದ್ದು ಶಕ್ತಿ, ಅದರ ಪ್ರದರ್ಶನವಲ್ಲ. ಪ್ರತಿ ತಾಲೂಕಿನಲ್ಲೂ ದುಡ್ಡಿಲ್ಲದವರೂ ಬರಬಹುದಾದ ಒಂದು ಸಾರ್ವಜನಿಕ ವ್ಯಾಯಾಮಶಾಲೆ ಇರಲಿ. ಬಿದ್ದುಹೋದ ಗರಡಿ ಮನೆಗಳ ಸೂರು ರಿಪೇರಿಯಾಗಲಿ. ಹೆಣ್ಣುಮಕ್ಕಳಿಗೆ ಅಲ್ಲಿ ಅವರದೇ ಹೊತ್ತು ಇರಲಿ. ಶಾಲೆಯ ತಟ್ಟೆಯಲ್ಲಿ ಮೊಟ್ಟೆ ತಪ್ಪದಿರಲಿ. ವೇದಿಕೆಯ ದೇಹದಾರ್ಢ್ಯ, ಇಷ್ಟವಿದ್ದ ಕೆಲವರ ಕಲೆಯಾಗಿ ಇರಲಿ, ಅದಕ್ಕೆ ನಿಷೇಧ ಬೇಡ. ಆದರೆ ಪರೀಕ್ಷೆಯಿಲ್ಲದ ಸ್ಪರ್ಧೆಗೆ ಮುಖಂಡರು ಹಾರ ಹಿಡಿದುಕೊಂಡು ಹೋಗುವುದು ನಿಲ್ಲಲಿ. ಬಹುಮಾನ ಕೊಡುವ ಕೈ, ಗೆದ್ದ ಹುಡುಗನ ರಕ್ತದಲ್ಲಿ ಏನಿದೆ ಎಂದು ಕೇಳುವ ಹೊಣೆಯನ್ನೂ ಹೊರಬೇಕು.

ಆ ಹುಡುಗನ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ. ತಂದೆಯ ಮೈಯನ್ನು ಯಾರೂ ನೋಡಲಿಲ್ಲ ಎಂಬ ನೋವೇ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿದೆ. ಅದನ್ನು ಯಾವ ಪರೀಕ್ಷೆಯೂ, ಯಾವ ಫತ್ವಾವೂ ಹೋಗಲಾಡಿಸಲಾರದು. ಹಮಾಲನ ಹೆಗಲಿಗೆ ತಕ್ಕ ಕೂಲಿ, ಮುಪ್ಪಿಗೆ ಪಿಂಚಣಿ, ಬೀದಿಯಲ್ಲಿ ಒಂದು ಮರ್ಯಾದೆಯ ಮಾತು ಸಿಕ್ಕ ದಿನ ಅವನ ಮಗನಿಗೆ ಚಪ್ಪಾಳೆಯ ಹಸಿವು ತಾನಾಗಿ ಇಳಿಯಬಹುದು. ಹೋದ ವಾರ ಅವನನ್ನು ಕೋಟೆಗೆ ಕರೆದುಕೊಂಡು ಹೋಗಿ ಆ ಚಿತ್ರ ತೋರಿಸಿದೆ. ಗಾಲಿ ನೂಕುವವರ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ, "ಇವ್ರೂ ಹಮಾಲರ ಅಲ್ಲೇನ್ರಿ ಸರ?" ಎಂದು ಕೇಳಿದ. ಹೌದು ಎಂದೆ.